ಗಾಯದ ಬಳಗ

ಶಿಕಾರಿಪುರ
18 ಜೂನ್ 2025, ಬುಧವಾರ

ಪ್ರಮೀಳಾ,

ನಿನ್ನ ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಕೆಳಗಿನದನ್ನು ಓದಿದ ಮೇಲೆ ಆ ಮಾತು ಇರಬೇಕೋ ಬೇಡವೋ ನೀನೇ ಹೇಳು.

ಮೂರು ಭಾನುವಾರದಿಂದ ಸೊರಬಕ್ಕೆ ಬಂದಿಲ್ಲ. ಡ್ಯೂಟಿ ಎಂದಿದ್ದೆ. ಡ್ಯೂಟಿ ಇರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ‘ಊಟ ಆತೇನ್ರೀ’ ಅನ್ನುತ್ತೀಯ, ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಈ ಕಾಗದ.

ಗಾಯದ ಆರೈಕೆಯಲ್ಲಿ ಆಸಕ್ತಿಯಿರುವ ನರ್ಸುಗಳ ಬಳಗ ಕಟ್ಟಬೇಕೆಂದು ಮೊದಲು ಅಂದವನು ನಾನು. ನಾನು ಕೆಲಸ ಮಾಡುವ ಆಸ್ಪತ್ರೆಯ ಮಹಡಿಯ ಕೋಣೆಯಲ್ಲಿ ಮೊದಲ ದಿನ ಹದಿನಾಲ್ಕು ಜನ ಸೇರಿದ್ದರು. ಒಂದೂವರೆ ಗಂಟೆ ಪಾಠ ಮಾಡಿದೆ. ಮುಂದಿನ ತಿಂಗಳು ಒಂಬತ್ತು ಜನ. ಐದನೇ ತಿಂಗಳು ನಾನು, ನೀನು, ಮತ್ತೆ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಕೂತಿದ್ದ ನನ್ನ ವಾರ್ಡಿನ ನರ್ಸ್ ಸಂಗೀತ. ನರ್ಸುಗಳಿಗೆ ಕಲಿಯುವ ಹಂಬಲವೇ ಇಲ್ಲವೆಂದು ಬೈದೆ. ನೀನು ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟೆ.

ಆಮೇಲೆ ನಿನಗೆ ಸೊರಬಕ್ಕೆ ವರ್ಗವಾಯಿತು, ನಮ್ಮ ಸಂಸಾರ ಎರಡು ಊರಿಗೆ ಹಂಚಿಹೋಯಿತು. ಅಲ್ಲಿ ನೀನು ಬಳಗ ಶುರುಮಾಡಿದ ದಿನ ನಾನೂ ಬಂದಿದ್ದೆ, ತಪ್ಪು ಕಂಡರೆ ತಿದ್ದೋಣವೆಂದು. ನೀನು ಪಾಠ ಮಾಡಲೇ ಇಲ್ಲ. ಎದ್ದು ನಿಂತು, ‘ಚಂದ್ರಗುತ್ತಿ ಕಡೆಯ ಒಬ್ಬ ಅಜ್ಜಿಗೆ ನನ್ನ ಕೈಯಲ್ಲೇ ಬೆನ್ನುಹುಣ್ಣು ಆತು. ಮಗ್ಗುಲು ಹೊರಳಿಸೋದನ್ನ ಎರಡು ದಿನ ಮರ್ತಿದ್ದೆ. ನಿಮ್ಮ ಕೈಯಲ್ಲಿ ವಾಸಿಯಾಗದ ಗಾಯ ಯಾವ್ದು, ಹೇಳ್ರೀ’ ಅಂದೆ. ಆಮೇಲೆ ಎಲ್ಲರಿಗಿಂತ ಹೊಸಬಳಾದ ಶ್ರೀರಂಜಿನಿ ಅಳುತ್ತ ತನ್ನದೊಂದನ್ನು ಹೇಳಿದಳು. ಅಲ್ಲಿಂದ ಮಾತು ನಿಲ್ಲಲೇ ಇಲ್ಲ. ನಿಮ್ಮಪ್ಪ ಪುಟ್ಟಪ್ಪ ಕುರಿಯ ಕಾಲಿನ ಹುಣ್ಣನ್ನು ಮೊದಲು ಮೂಸಿ, ಆಮೇಲೆ ಕಣ್ಣಿಟ್ಟು ನೋಡುತ್ತಾರೆ ಎಂದೂ ನೀನು ಹೇಳಿದೆ. ನನಗೆ ಮೈಯೆಲ್ಲ ಉರಿಯಿತು. ನಿಮ್ಮೂರು ಹೊಸಬಾಳೆಯ ಕುರಿಹಟ್ಟಿಯ ಮಾತನ್ನು ಅವರೆಲ್ಲ ಬರೆದುಕೊಳ್ಳುತ್ತಿದ್ದರು. ನನ್ನ ಒಂದೂವರೆ ಗಂಟೆಯಲ್ಲಿ ಒಬ್ಬರೂ ಪೆನ್ನು ಹೊರತೆಗೆದಿರಲಿಲ್ಲ.

ವರ್ಷ ತುಂಬುವುದರೊಳಗೆ ಐವತ್ತೆರಡು ಜನ. ಪ್ರತಿ ಸಲ ಸಭೆ ನಡೆಸಲು ನೀನು ಬೇರೆಯವರನ್ನು ಕೂರಿಸುತ್ತಿದ್ದೆ, ಆದರೂ ಎಲ್ಲರ ಬಾಯಲ್ಲಿ ನಿನ್ನ ಹೆಸರೇ. ಸಂಗೀತ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ನಿನ್ನಲ್ಲಿಗೆ ಬರತೊಡಗಿದಳು. ‘ಸರ್, ನೀವೂ ಒಂದ್ಸಲ ಬರ್ರಿ, ಮೇಡಂ ಹತ್ರ ಭಾಳ ಕಲೀಬೋದು’ ಎಂದು ನನಗೇ ಹೇಳಿದಳು. ನಿನಗೆ ಬ್ಯಾಂಡೇಜು ಸುತ್ತಲು ಕಲಿಸಿದವನು ನಾನು, ಪ್ರಮೀಳಾ!

ಏಪ್ರಿಲ್‌ನಲ್ಲಿ ಎರಡೂ ತಾಲ್ಲೂಕಿಗೆ ಸೇರಿಸಿ ಒಬ್ಬ ಸಂಚಾಲಕರನ್ನು ಆರಿಸಿದರು. ನನ್ನ ಪರ ಎದ್ದದ್ದು ನಾಲ್ಕೇ ಕೈ, ಉಳಿದವೆಲ್ಲ ನಿನ್ನ ಪರ. ಆ ನಾಲ್ಕರಲ್ಲಿ ಒಂದು ನಿನ್ನದು. ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

ಆ ವಾರವೇ ನಿಮ್ಮ ಮೇಲಧಿಕಾರಿ ಡಾ. ದೇವರಾಜ ಅವರಿಗೆ ಮೂಗರ್ಜಿ ಹೋಯಿತು. ನೀನು ರೋಗಿಗಳ ಒಪ್ಪಿಗೆಯಿಲ್ಲದೆ ಗಾಯದ ಫೋಟೋ ತೆಗೆದು ಬಳಗದಲ್ಲಿ ತೋರಿಸುತ್ತೀಯ ಎಂದು. ನಿನಗೆ ನೋಟಿಸು ಬಂತು, ವಿಚಾರಣೆ ಮುಗಿಯುವವರೆಗೆ ಬಳಗ ನಿಂತಿತು. ಯಾರು ಬರೆದಿರಬಹುದೆಂದು ನಿನ್ನ ಜೊತೆ ಕೂತು ನಾನೂ ಯೋಚಿಸಿದೆ. ಪಾಪ, ಶ್ರೀರಂಜಿನಿಯ ಮೇಲೆ ಅನುಮಾನವನ್ನೂ ಹಾಕಿದೆ.

ಬರೆದವನು ನಾನು. ರೋಗಿಗಳ ಸಹಿ, ಹೆಬ್ಬೆಟ್ಟು ಇದ್ದ ನಿನ್ನ ಪುಸ್ತಕವನ್ನು ಕಣ್ಣಾರೆ ನೋಡಿದ್ದೆ. ಸುಳ್ಳೆಂದು ಗೊತ್ತಿದ್ದೇ ಬರೆದೆ.

ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಅಂಬ್ಲಿಗೊಳದ ಕಡೆಯ ಲೋಕಪ್ಪ ಎಂಬವರು ನನ್ನ ವಾರ್ಡಿನಲ್ಲಿದ್ದರು. ಸಕ್ಕರೆ ಕಾಯಿಲೆ, ಹಿಮ್ಮಡಿಯಲ್ಲಿ ಹುಣ್ಣು. ಇಪ್ಪತ್ತು ದಿನ ನಾನೇ ಡ್ರೆಸಿಂಗ್ ಮಾಡಿದೆ. ಮೇಲೆ ಒಣಗುತ್ತಿತ್ತು, ಒಳಗೆ ಕೀವು ತುಂಬುತ್ತಿತ್ತು. ಮೊದಲ ವಾರವೇ ಸಂಗೀತ, ‘ವಾಸನೆ ಬ್ಯಾರೆ ಐತಿ ಸರ್. ಬಳಗ ಇದ್ದಿದ್ರೆ ಕೇಳ್ತಿದ್ವಿ’ ಅಂದಳು. ‘ನಿನ್ನ ಕೆಲಸ ನೋಡು’ ಎಂದೆ. ವಾಸನೆಯ ಮಾತು ಅವಳು ನಿನ್ನಿಂದ ಕಲಿತದ್ದು, ಅದಕ್ಕೇ ನನ್ನ ಕಿವಿಗೆ ಹೋಗಲಿಲ್ಲ. ಡಾಕ್ಟರಿಗೂ ಒಣಗುತ್ತಿದೆ ಎಂದೇ ಹೇಳಿದೆ. ಕಳೆದ ವಾರ ಶಿವಮೊಗ್ಗದಲ್ಲಿ ಅವರ ಪಾದ ತೆಗೆದರು. ಹೆಂಡತಿ ಗುಡ್ಡಮ್ಮ ಬಂದು ನನಗೇ ಕೈಮುಗಿದು, ‘ನೀವು ಭಾಳ ಮಾಡಿದ್ರಿ ಸರ’ ಎಂದಳು.

ನಾಳೆ ದೇವರಾಜ ಸಾಹೇಬರ ಹತ್ತಿರ ಹೋಗಿ ಎಲ್ಲವನ್ನೂ ಬರೆದುಕೊಡುತ್ತೇನೆ. ನಿನ್ನ ಬಳಗ ಮತ್ತೆ ಶುರುವಾಗಲಿ. ಅದರಿಂದ ನನಗೆ ಸಂತೋಷವಾಗುತ್ತದೆ ಎಂದು ಮಾತ್ರ ಬರೆಯಲಾರೆ. ಸಾಕು, ಇನ್ನು ಸುಳ್ಳು ಬೇಡ.

ನಿನ್ನವನು ಎಂದು ಬರೆಯಲು ಹಿಂಜರಿಯುತ್ತಿರುವ,
ನಾಗೇಶ

ತಾ.ಕ.: ಗುರುವಾರ ಸಂಜೆ. ಸಾಹೇಬರನ್ನು ಕಂಡುಬಂದೆ. ನನ್ನ ಹೇಳಿಕೆ ಓದಿ ಅವರು ಆ ಮೂಗರ್ಜಿಯನ್ನು ಮುಂದಿಟ್ಟರು. ‘ನೋಟಿಸು ಕೊಟ್ಟ ದಿನವೇ ಇದನ್ನ ಪ್ರಮೀಳಾ ಅವ್ರಿಗೆ ತೋರ್ಸಿದ್ದೆ ಕಣ್ರೀ. ಬರೆದವ್ರು ಯಾರಂತ ಗೊತ್ತಾಯ್ತು, ಹೆಸರು ಹೇಳಲ್ಲ, ಅವರಾಗೇ ಬರ್ತಾರೆ ಅಂದ್ರು’ ಎಂದರು. ಅದರಲ್ಲಿ ಉದ್ದಕ್ಕೂ ‘ವ್ರಣ’ ಎಂದಿತ್ತು; ಗಾಯವನ್ನು ಹಾಗೆ ಬರೆಯುವವನು ಎರಡು ತಾಲ್ಲೂಕಿನಲ್ಲಿ ನಾನೊಬ್ಬನೇ, ನಿನಗೆ ತಿಳಿಯದಿರುತ್ತದೆಯೇ? ತಿಳಿದೂ ನನಗೆ ಅನ್ನ ಬಡಿಸಿದೆ. ನಾನಾಗಿದ್ದರೆ ಒಂದು ದಿನವೂ ಸುಮ್ಮನಿರುತ್ತಿರಲಿಲ್ಲ. ನಿಜ ಹೇಳಲೇ? ಬಸ್ಸಿನಲ್ಲಿ ಬರುವಾಗ ನಿನ್ನ ಆ ತಾಳ್ಮೆಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.