ಹೊರ ಒಲೆಗೊಂದು ಮಾಡು

ಸುಳ್ಯ
೧೪-೪-೧೯೬೨

ಕೋಡಿಂಬಾಳದ ನಮ್ಮ ಯಜಮಾನರಿಗೆ ಕುಮುದಿನಿ ಮಾಡುವ ನಮಸ್ಕಾರ.

ನಿಮ್ಮ ಕಾಗದ ನಿನ್ನೆ ಸಿಕ್ಕಿತು. ನಾನು ಕ್ಷೇಮ. ಮಗಳ ಕೆಮ್ಮು ಗುಣವಾಗಿದೆ. ಒಳ್ಳೆಯ ಮಾತು ಇಲ್ಲಿಗೆ ಮುಗಿಯಿತು. ಮುಂದೆ ಬರೆಯುವುದೆಲ್ಲ ಸಿಟ್ಟಿನದು. ಕುಕ್ಕಪ್ಪ ಮಾವನ ಜಗಲಿಯಲ್ಲಿ ನಾಲ್ಕು ಜನರ ಎದುರು ಬಿಡಿಸಬೇಡಿ, ಒಬ್ಬರೇ ಕುಳಿತು ಓದಿ.

ಒಂದು ಒಲೆಯ ವಿಷಯಕ್ಕೆ ಹೆಂಡತಿ ತವರಿಗೆ ಹೋಗಿ ಕುಳಿತರೆ ಹೊಸ ಮನೆಯ ಪ್ರವೇಶದ ಒಕ್ಕಲಿಗೆ ಬಂದವರಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಇದ್ದದ್ದನ್ನೇ ಹೇಳಿ. ಹೇಳಲು ನಾಚಿಕೆಯಾದರೆ ಈ ಕಾಗದವನ್ನು ಕೊಡಿ, ಅವರೇ ಓದಿಕೊಳ್ಳಲಿ.

ಕಳೆದ ಬೇಶ ತಿಂಗಳ ಆ ಸಂಜೆ ನಿಮಗೆ ಮರೆತಿರಬಹುದು, ನನಗೆ ಮರೆಯುವುದಿಲ್ಲ. ಮಳೆ ಹಿಡಿಯುವ ಮೊದಲು ವರ್ಷದ ಕುಚ್ಚಲಕ್ಕಿಗೆ ಭತ್ತ ಬೇಯಿಸಿ ಮುಗಿಸಬೇಕೆಂದು ನಿಮ್ಮ ಸೇವಂತಿ ಅಕ್ಕ ಮತ್ತು ನಾನು ಹಳೆ ಮನೆಯ ಅಂಗಳದಲ್ಲಿ ಹಂಡೆ ಏರಿಸಿದ್ದೆವು. ತಲೆಯ ಮೇಲೆ ನಾಲ್ಕು ಕಂಬ, ಎರಡು ಹೊರೆ ಸೋಗೆ. ಅದನ್ನು ನೀವು ಚಪ್ಪರ ಎನ್ನುತ್ತಿದ್ದಿರಿ. ಗಾಳಿ ಎದ್ದದ್ದೇ ಸೋಗೆ ಹಾರಿ ಬೆಂಕಿಗೆ ಬಿತ್ತು. ಒಣಗಿದ ಸೋಗೆ ಎಷ್ಟು ಬೇಗ ಹತ್ತಿಕೊಳ್ಳುತ್ತದೆಂದು ನಿಮಗೆ ಗೊತ್ತು. ನಾನು ಹೆದರಿ ಹಿಂದೆ ಸರಿದೆ. ಅಕ್ಕ ಸರಿಯಲಿಲ್ಲ. ಭತ್ತ ಹಾಳಾದರೆ ಮಳೆಗಾಲಕ್ಕೆ ಮನೆಯವರು ಉಣ್ಣುವುದೇನು ಎಂದು ಉರಿಯುವ ಸೋಗೆಯನ್ನು ಕೈಯಿಂದ ಎಳೆಯಲು ಹೋದರು. ಕಂಬ ಹಂಡೆಗೆ ತಾಗಿ ಹಂಡೆ ಮಗುಚಿತು. ಕುದಿಯುವ ನೀರು, ಕುದಿಯುವ ಭತ್ತ, ಎಲ್ಲ ಅವರ ಕಾಲ ಮೇಲೆ. ಅವರು ಕೂಗಲಿಲ್ಲ. ಕೂಗಿದವಳು ನಾನು.

ರಸ್ತೆಯ ತನಕ ಮಂಚದ ಮೇಲೆ ಹೊತ್ತು, ಅಲ್ಲಿಂದ ಅದ್ರಾಮ ಬ್ಯಾರಿಗಳ ಮರದ ಲಾರಿಯಲ್ಲಿ ಪುತ್ತೂರಿಗೆ ಒಯ್ದೆವು. ದಾರಿಯುದ್ದಕ್ಕೂ ಅಕ್ಕನ ತಲೆ ನಿಮ್ಮ ತೊಡೆಯ ಮೇಲಿತ್ತು. ಅಲ್ಲಿನ ದರ್ಬೆಯ ಡಾಕ್ಟರರು ಕಾಲು ಉಳಿದೀತು, ಮೊದಲಿನಂತೆ ನಡೆಯುವುದು ಕಷ್ಟ ಎಂದಾಗ ನೀವು ಗೋಡೆಗೆ ಮುಖ ಮಾಡಿ ನಿಂತಿರಿ. ಆಮೇಲೆ ಬಂದು ಅಕ್ಕನ ಕೈ ಹಿಡಿದು ಹೇಳಿದಿರಿ: "ಹೊಸ ಮನೆಯಲ್ಲಿ ಮೊದಲು ನಿನ್ನ ಹೊರ ಒಲೆಗೆ ಹಂಚಿನ ಮಾಡು ಆಗ್ತದೆ. ಚಾವಡಿ ಗೀವಡಿ ಎಲ್ಲ ಮತ್ತೆ." ನಾನು ಪಕ್ಕದಲ್ಲೇ ಇದ್ದೆ. ಆ ದಿನ ನಿಮ್ಮಂಥ ಗಂಡ ಸಿಕ್ಕಿದ್ದಕ್ಕೆ ನನಗೆ ಹೆಮ್ಮೆಯಾಗಿತ್ತು. ಈಗ ಅದನ್ನು ನೆನೆದರೆ ಸಿಟ್ಟು ಇನ್ನೂ ಏರುತ್ತದೆ.

ಅಕ್ಕ ಕೋಲೂರಿ ನಡೆಯಲು ತೊಡಗಿದ ಮೇಲೆ ನಾವಿಬ್ಬರೂ ಸಂಜೆ ಹೊತ್ತು ಹೊಸ ಮನೆಯ ಜಾಗಕ್ಕೆ ಹೋಗುತ್ತಿದ್ದೆವು. ನೀವು ನೋಡಿ ನಗುತ್ತಿದ್ದಿರಿ, "ಇಂಜಿನಿಯರ್‌ಗಳು ಬಂದರು" ಎಂದು. ಅಕ್ಕ ಒಂದು ಹಿಡಿ ಬೂದಿಯನ್ನು ಗಾಳಿಗೆ ಬಿಟ್ಟು ಹೊಗೆ ಯಾವ ಕಡೆ ಹೋದೀತೆಂದು ನೋಡಿದರು. ಮಳೆ ಹೊಡೆಯುವ ಪಡುಗಡೆಗೆ ಸೂರು ತಗ್ಗಿಸಿ ಇಳಿಸಬೇಕು, ಮೂಡುಗಡೆ ಸೊಂಟದೆತ್ತರದ ಗೋಡೆ ಸಾಕು. ಬಾವಿ ಹತ್ತಿರವಿರಬೇಕು, ಆದರೆ ಬೂದಿ ಬಾವಿಗೆ ಹಾರಬಾರದು. ನೆಲ ಅಂಗಳಕ್ಕಿಂತ ಎತ್ತರ. ಬೆಂದ ನೀರು ಬಸಿದು ಹೋಗಲು ಒಂದು ಚರಂಡಿ, ಅದು ಬಾಳೆಯ ಬುಡಕ್ಕೆ. ಒಲೆಯ ಮೇಲೆ ಅಟ್ಟ, ಮಳೆಗಾಲದಲ್ಲಿ ಸೌದೆ ಒಣಗಲು. ಭತ್ತಕ್ಕೆ ಒಂದು ದೊಡ್ಡ ಒಲೆ, ಅಡಿಕೆ ಕೊಯ್ಲಿನ ಆಳುಗಳಿಗೆ ಗಂಜಿ ಬೇಯಿಸಲು ಇನ್ನೊಂದು. ಮೂಲೆಯಲ್ಲಿ ಅಕ್ಕ ಕಾಲು ಚಾಚಿ ಕೂರಲು ಒಂದು ಕಲ್ಲಿನ ಕಟ್ಟೆ. ಕೆಲಸದ ಮೇಸ್ತ್ರಿ ಮೊಯ್ದಿನಬ್ಬ ಎಲ್ಲ ಕೇಳಿಕೊಂಡು ಗೂಟ ಹೊಡೆದು ಹಗ್ಗ ಕಟ್ಟಿದರು. ಎರಡು ಒಲೆ ಎದ್ದವು. ಕಂಬಗಳು ನಿಂತವು. ಅಕ್ಕ ಒಲೆಗಳನ್ನು ತಾವೇ ಸಗಣಿ ಹಾಕಿ ಸಾರಿಸಿದರು. ನೆಲಕ್ಕೆ ಕೂರಲಾಗದ ಕಾಲು, ಒಂದು ಮಣೆಯ ಮೇಲೆ ಕುಳಿತು ಸಾರಿಸಿದರು. ನನ್ನ ಕೈಗೆ ಕೊಡಲಿಲ್ಲ.

ಇಷ್ಟಾದ ಮೇಲೆ ನಾನು ನನ್ನ ತಂಗಿಯ ಬಾಣಂತನಕ್ಕೆಂದು ಸುಳ್ಯಕ್ಕೆ ಬಂದೆ. ತಿರುಗಿ ಅಲ್ಲಿಗೆ ಹೋಗಿ ನೋಡಿದರೆ ನಮ್ಮ ಕಂಬಗಳ ಮೇಲೆ ಹಂಚು ಹೊದೆಸಿತ್ತು. ನನಗೆ ಒಂದು ಗಳಿಗೆ ಸಂತೋಷವೇ ಆಯಿತು ನೋಡಿ. ಹತ್ತಿರ ಹೋದರೆ ಒಲೆಗಳಿಲ್ಲ. ಒಡೆದು, ಆ ಮಣ್ಣನ್ನು ಅಲ್ಲೇ ನೆಲಕ್ಕೆ ತುಂಬಿ ಮಟ್ಟ ಮಾಡಿದ್ದೀರಿ. ಮೂಡುಗಡೆಯ ಅರೆಗೋಡೆಯನ್ನೂ ತೆಗೆಸಿದ್ದೀರಿ. ಮೊಯ್ದಿನಬ್ಬ ನನ್ನ ಮುಖ ನೋಡದೆ ಹೇಳಿದರು: "ಅಮ್ಮ, ಧಣಿಗಳು ಜೀಪು ತೆಗೆದುಕೊಳ್ತಾರಂತೆ. ಜೀಪಿಗೆ ಮಾಡು ಬೇಕಂತೆ."

ಜೀಪು. ಪುತ್ತೂರಿನಲ್ಲಿ ಯಾರೋ ತೋಟದ ಧಣಿ ಹಳೆ ಜೀಪು ಕೊಡುತ್ತಾರೆ ಎಂದ ಮಾತ್ರಕ್ಕೆ. ನಮ್ಮ ಮನೆಗೆ ಬರುವ ದಾರಿಯಲ್ಲಿ ತೋಡು ಉಂಟು, ತೋಡಿನ ನೀರು ದಾಟಲು ಅಡಿಕೆಮರದ ಸಂಕ ಉಂಟು. ಆ ಸಂಕದ ಮೇಲೆ ದನ ನಡೆಯುವುದಿಲ್ಲ. ನಿಮ್ಮ ಜೀಪನ್ನು ಸೇವಂತಿ ಅಕ್ಕನ ಹಾಗೆ ಮಂಚದಲ್ಲಿ ಹೊತ್ತು ತರುತ್ತೀರೋ? ದನಗಳಿಗೆ ಅಲ್ಲಿ ಹೊಸ ಹಟ್ಟಿಯಾಗಿ, ತೋಡಿನ ನೀರಿಗಿಳಿದು ದಾಟಿ ಅವು ಹೋಗಿಯೂ ಆಯಿತು. ಬಾರದ ಜೀಪಿಗೂ ಮಾಡು ಆಯಿತು. ಆ ಮನೆಗೆ ಅನ್ನ ಬೇಯಿಸುವವರ ತಲೆಯ ಮೇಲೆ ಮಾತ್ರ ಸೋಗೆ.

ಅಷ್ಟಕ್ಕೇ ಆಗಿದ್ದರೆ ನಾನು ಜಗಳ ಮಾಡಿ ಸುಮ್ಮನಾಗುತ್ತಿದ್ದೆ. ಹನ್ನೆರಡು ವರ್ಷ ಹಾಗೇ ಅಲ್ಲವೇ ಸುಮ್ಮನಾದದ್ದು. ಆದರೆ ಆ ದಿನ ಹಳೆ ಮನೆಯಲ್ಲಿ ನಾನು ಕೇಳಿದಾಗ ನೀವು ಹೇಳಿದ ಮಾತು ಇದು: "ಭತ್ತ ಬೇಯಿಸುದಕ್ಕೆ ಹಳೆ ಮನೆಯ ಅಂಗಳ ಇಲ್ವಾ? ಅಕ್ಕ ಅಲ್ಲೇ ಇರಲಿ. ಒಬ್ಬರು ಬೇಕಲ್ಲ ಅಲ್ಲಿ. ಹೊಸ ಮನೆಗೆ ನಾಲ್ಕು ದೊಡ್ಡ ಜನ ಬಂದು ಹೋಗುದು, ಅವರೆದುರು ಆ ಕಾಲು ಎಳೆದುಕೊಂಡು ಓಡಾಡಿದರೆ ಚಂದ ಕಾಣ್ತದಾ?"

ಅಕ್ಕ ಒಳಗಿದ್ದರು. ಕೇಳಿಸಿರಲಿಕ್ಕಿಲ್ಲ ಎಂದು ನೀವು ತಿಳಿದಿರಿ. ಹಳೆ ಮನೆಯ ಗೋಡೆಗೆ ಎಷ್ಟು ಮಣ್ಣು ಉಳಿದಿದೆಯೆಂದು ನಿಮಗೆ ಗೊತ್ತಿಲ್ಲವೇ? ಇಪ್ಪತ್ತು ವಯಸ್ಸಿಗೆ ಗಂಡ ಸತ್ತು ತವರಿಗೆ ಬಂದವರು, ನಿಮ್ಮ ಅಮ್ಮ ತೀರಿಹೋದ ಮೇಲೆ ನಿಮಗೆ ಉಣ್ಣಿಸಿ ಶಾಲೆಗೆ ಕಳಿಸಿದವರು. ಅವರ ಕಾಲು ಯಾರ ಅನ್ನಕ್ಕಾಗಿ ಬೆಂದಿತೋ ಅವರಿಗೇ ಆ ಕಾಲು ಕಂಡರೆ ನಾಚಿಕೆ.

ನಾನು ಜೋರಾಗಿ ಮಾತಾಡಿದೆ, ಹೌದು. ಕೈಯಲ್ಲಿದ್ದ ಚೊಂಬನ್ನು ಅಂಗಳಕ್ಕೆ ಎಸೆದೆ, ಅದೂ ಹೌದು. ನೀವು ಟಾರ್ಚು ಹಿಡಿದು ಹೊಸ ಮನೆಗೆ ನಡೆದಿರಿ. ಮರಮಟ್ಟು ಕಾಯಬೇಕು, ಇನ್ನು ಅಲ್ಲೇ ಮಲಗುವುದು ಎಂದಿರಿ. ನೀವು ಹೋದ ಮೇಲೆ ಅಕ್ಕ ಹೊರಗೆ ಬಂದು ಚೊಂಬು ಹೆಕ್ಕಿ ತೊಳೆದಿಟ್ಟರು. "ಅವನಿಗೆ ಇನ್ನು ಎಂತ ಹೇಳುದು ಬೇಡ ಕುಮುದಿನಿ," ಎಂದರು. "ಗಂಡಸರಿಗೆ ನಾಲ್ಕು ಜನರ ಎದುರು ಒಂದು ಮರ್ಯಾದೆ ಬೇಕಾಗ್ತದೆ. ನನಗೆ ಈ ಮನೆಯೇ ಅಭ್ಯಾಸ." ಅವರು ಅಳುತ್ತಿದ್ದರೆ ನಾನು ಮರುದಿನ ಬಸ್ಸು ಹತ್ತುತ್ತಿರಲಿಲ್ಲವೋ ಏನೋ. ಅವರು ಅಳಲಿಲ್ಲ. ನಿಮ್ಮ ಪರವಾಗಿ ಮಾತಾಡಿದರು. ಅದನ್ನು ನನಗೆ ಸಹಿಸಲಾಗಲಿಲ್ಲ.

ನೀವು ಈಗ ಬರೆದಿದ್ದೀರಿ: ಬಾ, ಮಳೆಗಾಲ ಕಳೆಯಲಿ, ಹಿತ್ತಿಲಲ್ಲಿ ಏನಾದರೂ ಮಾಡುವ. ಆ "ಮಾಡುವ" ಎಂಬ ಮಾತನ್ನು ನಾನು ಮದುವೆಯಾದಾಗಿನಿಂದ ಕೇಳಿದ್ದೇನೆ. ಇಲ್ಲಿ ಅಪ್ಪನೂ ನಿಮ್ಮ ಪಕ್ಷವೇ. ಹೆಣ್ಣು ಮಕ್ಕಳು ಇಷ್ಟು ಹಟ ಮಾಡಬಾರದು ಎಂದು ದಿನಾ ಊಟಕ್ಕೆ ಕುಳಿತಾಗ ಹೇಳುತ್ತಾರೆ. ಅಮ್ಮ ಮಾತ್ರ ನನ್ನ ಬಟ್ಟಲಿಗೆ ಇನ್ನೊಂದು ಸೌಟು ಬಡಿಸುತ್ತಾಳೆ.

ಬರುತ್ತೇನೆ. ಬರುವುದಿಲ್ಲ ಎಂದು ಹೆದರಬೇಡಿ. ಅದು ನನ್ನದೂ ಮನೆ. ಅದರ ಗೋಡೆಯ ಮಣ್ಣನ್ನು ನಾನೂ ತುಳಿದಿದ್ದೇನೆ. ಆದರೆ ಒಕ್ಕಲಿನ ದಿನ ಪಟ್ಟೆಸೀರೆ ಉಟ್ಟು ನೆಂಟರಂತೆ ಬರುವವಳಲ್ಲ, ನಾಲ್ಕೈದು ದಿನ ಮೊದಲೇ ಬರುತ್ತೇನೆ. ಬಂದವಳು ಚಾವಡಿಗೆ ಹತ್ತುವುದಿಲ್ಲ. ನೇರ ನಿಮ್ಮ ಜೀಪಿನ ಮಾಡಿನ ಅಡಿಗೆ ಹೋಗಿ ಮೂರು ಕಲ್ಲು ಹೂಡಿ, ಹಂಡೆ ಇಟ್ಟು ಬೆಂಕಿ ಹಾಕುತ್ತೇನೆ. ಒಕ್ಕಲಿನ ಊಟದ ಅಕ್ಕಿ ಆ ಹಂಡೆಯಲ್ಲಿ ಬೆಂದ ಭತ್ತದ್ದೇ ಆಗುತ್ತದೆ. ಬಂದ ದೊಡ್ಡ ಜನರೆಲ್ಲ ನೋಡಲಿ. ಮೊಯ್ದಿನಬ್ಬರಿಗೆ ನಾನೇ ಹೇಳಿ ಕಳಿಸಿದ್ದೇನೆ, ಒಲೆಯ ಮಣ್ಣು ಕಲಸಿ ಇಡಲು. ನೀವು ಬೇಡವೆಂದರೆ ಆ ಮಣ್ಣನ್ನು ನಾನು ಕಲಸುತ್ತೇನೆ. ಬೆಂಕಿಯನ್ನು ನಂದಿಸಬೇಕೆಂದಿದ್ದರೆ ನೀವೇ ಬಂದು, ಎಲ್ಲರ ಎದುರು, ನಿಮ್ಮ ಕೈಯಿಂದಲೇ ನೀರು ಹೊಯ್ಯಬೇಕು. ಆಳುಗಳ ಕೈಯಲ್ಲಿ ಮಾಡಿಸಲಿಕ್ಕೆ ನಾನು ಬಿಡುವುದಿಲ್ಲ. ಜೀಪು ಬಂದರೆ ಬರಲಿ. ಅದಕ್ಕೆ ನಾಲ್ಕು ಕಂಬ ನೆಟ್ಟು ಎರಡು ಹೊರೆ ಸೋಗೆ ಹಾಕಿಸಿ.

ಮಗಳು ಅಪ್ಪ ಯಾವಾಗ ಬರುವುದೆಂದು ಕೇಳುತ್ತಾಳೆ. ನಾವೇ ಹೋಗುವುದು ಎಂದು ಹೇಳಿದ್ದೇನೆ.

ಇಂತು,
ಸಿಟ್ಟು ಇಳಿಯದ ನಿಮ್ಮ ಹೆಂಡತಿ
ಕುಮುದಿನಿ

ತಾ.ಕ.: ಅಕ್ಕ ಹಳೆ ಮನೆಯಲ್ಲಿ ಕ್ಷೇಮವಾಗಿದ್ದಾಳೆ, ಅವಳ ಚಿಂತೆ ನಿನಗೆ ಬೇಡ ಎಂದು ಕಾಗದದ ಕೊನೆಗೆ ಬರೆದಿದ್ದೀರಿ. ಅಕ್ಕ ಇಲ್ಲಿ ನನ್ನ ಎದುರು ಕುಳಿತು ಹುಣಿಸೆಹಣ್ಣಿನ ಬೀಜ ತೆಗೆಯುತ್ತಿದ್ದಾರೆ. ಅವರು ಬರುವುದಿಲ್ಲವೆಂದರೂ ಬಿಡದೆ ನನ್ನ ಜೊತೆಗೇ ಬಸ್ಸು ಹತ್ತಿಸಿದ್ದೆ. ಹಳೆ ಮನೆಗೆ ಬೀಗ ಹಾಕಿ ಹದಿನೈದು ದಿನ ಆಯಿತು. ತೋಡು ದಾಟಿದರೆ ಆ ಮನೆ, ಕುಕ್ಕಪ್ಪ ಮಾವನಲ್ಲಿ ಉಂಡುಕೊಂಡಿದ್ದ ನೀವು ಇಷ್ಟು ದಿನ ಒಮ್ಮೆಯೂ ಹೋಗಿ ನೋಡಿಲ್ಲ. ಅಕ್ಷರ ಬಾರದವರಾದ್ದರಿಂದ ನಿಮ್ಮ ಕಾಗದವನ್ನು ನಾನೇ ಓದಿ ಹೇಳಿದೆ. "ನನ್ನ ವಿಷಯ ಎಂತ ಬರೆದಿದ್ದಾನೆ?" ಎಂದು ಕೇಳಿದರು. ಆ ಸಾಲನ್ನು ಓದಲು ನನಗೆ ಬಾಯಿ ಬರಲಿಲ್ಲ. "ನಿಮ್ಮ ಕಾಲು ಈಗ ಹೇಗುಂಟು ಎಂದು ಕೇಳಿದ್ದಾರೆ" ಎಂದೆ. ಅವರಿಗೆ ತುಂಬ ಸಂತೋಷವಾಯಿತು. ನೋವು ಕಡಿಮೆ ಉಂಟು ಎಂದು ಬರೆಯಲು ಹೇಳಿದ್ದಾರೆ, ಬರೆದಿದ್ದೇನೆ. ಅವರೂ ನಮ್ಮೊಂದಿಗೆ ಬರುತ್ತಾರೆ. ಬಂದ ಕೂಡಲೇ ಕಾಲು ಹೇಗುಂಟೆಂದು ನೀವೇ ಕೇಳಬೇಕು.