ದೊಡ್ಡೋರು ಬಂದುಹೋದ ಮೇಲೆ

ಜೂನ್ 21
ಹಿಟ್ಟು ರುಬ್ಬಿಟ್ಟೆ. ನಿತ್ಯಾಳ ಬಿಳಿ ಸಾಕ್ಸ್ ಒಣಗಿಲ್ಲ, ನಾಳೆ ಸ್ಕೂಲಲ್ಲಿ ಡ್ರಿಲ್. ಇವರಿಗೆ ಪೆರಿಯನಾಯಕನಪಾಳ್ಯಂ ಪಂಪ್ ವರ್ಕ್‌ಶಾಪಲ್ಲಿ ಓವರ್‌ಟೈಮ್. ಅತ್ತೆ ಅಕ್ಕಿ ಮೂಟೆ ತರಿಸಿ ಅಡುಗೆಮನೆ ಕಿಟಕಿ ಕೆಳಗೇ ಇಡಿಸಿದಾರೆ. ಓಡಾಡೋಕೆ ಅಡ್ಡ. ಹೇಳಿದರೆ ಮುಖ ಊದಿಸ್ಕೋತಾರೆ. ಇಲ್ಲಿ ಬರೀತೀನಿ, ಅಷ್ಟೇ. ತಮಿಳುನಾಡಲ್ಲಿದ್ದರೂ ಮನೇಲಿ ಎಲ್ಲರೂ ಕನ್ನಡ ಆಡ್ತಾರೆ, ಓದೋಕೆ ಬರೋದು ಕೊಳ್ಳೇಗಾಲದಿಂದ ಬಂದ ನನಗೊಬ್ಬಳಿಗೇ. ಬಚ್ಚಿಡೋ ಅಗತ್ಯ ಇಲ್ಲ.

ಜೂನ್ 30
ಇವತ್ತು ಕೈ ನಡುಗ್ತಿಲ್ಲ. ಬರೆದುಬಿಡ್ತೀನಿ.
ಹೋದ ಸೋಮವಾರ ಸಂಜೆ. ಕರೆಂಟ್ ಇರಲಿಲ್ಲ. ಒಲೆ ಮೇಲೆ ರಸಂ. ಮುಂದಿನ ರೂಮಲ್ಲಿ ಅತ್ತೆ, ನಿತ್ಯಾ. ಮೊದಲು ವಾಸನೆ ಬಂತು — ಒದ್ದೆ ಮಣ್ಣು, ಲದ್ದಿ, ಹುಳಿ ಹಿಡಿದ ಹುಲ್ಲು. ಆಮೇಲೆ ಗುರ್ ಅಂತ ನೆಲದಿಂದ ನಡುಕ. ಕಿವಿಗಿಂತ ಮೊದಲು ಎದೆಗೆ ಗೊತ್ತಾಯ್ತು. ಕಿಟಕಿ ಸರಳು ಬಾಗಿತು. ಗೋಡೆ ಒಳಕ್ಕೆ ಬಿತ್ತು. ಗ್ರೈಂಡರ್ ಹಿಂದಿನ ಮೂಲೇಲಿ ಸಿಕ್ಕಿಕೊಂಡೆ. ಸೊಂಡಿಲು ಮುಖದ ಹತ್ತಿರ ಬಂದು ಉಸಿರು ಬಿಟ್ಟಿತು. ಬಿಸಿ. ಭುಜ ಮುಟ್ಟಿ ನೋಡಿತು. ಬಿಟ್ಟಿತು. ಮೂಟೆ ಎಳಕೊಂಡು ಅಲ್ಲೇ ನಿಂತು ತಿಂತು. ಕೂಗೋಕೆ ಬಾಯಿ ತೆರೆದೆ... ದನಿ ಬರಲಿಲ್ಲ. ಫಾರೆಸ್ಟ್‌ನೋರು ಬಂದು ಪಟಾಕಿ ಹೊಡೆದ ಮೇಲೆ ಬೆಟ್ಟದ ಕಡೆ ಹೋಯ್ತು.
ಮೈಮೇಲೆ ಒಂದು ಗೀರೂ ಇಲ್ಲ.

ಜುಲೈ 3
ದಿನಾ ಜನ. ಆನೆ ಅನ್ನಲ್ಲ ಇಲ್ಲಿ, ದೊಡ್ಡೋರು ಅಂತಾರೆ. ಪಕ್ಕದ ಮನೆ ಸುಬ್ಬಾತಾಳ್ ಅಕ್ಕ ಒಡೆದ ಗೋಡೆಗೆ ಕರ್ಪೂರ ಹಚ್ಚಿದರು. "ಪಿಳ್ಳೈಯಾರೇ, ಗಣಪತಿಯೇ ಮನೆಗೆ ಬಂದವ್ರೆ! ತಲೆ ಮೇಲೆ ಸೊಂಡ್ಲು ಇಟ್ಟು ಆಶೀರ್ವಾದ ಮಾಡಿದ್ರಂತೆ!"
"ಭುಜ ಅಕ್ಕ," ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅತ್ತೆಯೇ ಎಲ್ಲರಿಗೂ ಕಥೆ ಹೇಳ್ತಾರೆ, ದಿನದಿಂದ ದಿನಕ್ಕೆ ಅದು ಬೆಳೀತಾ ಹೋಗುತ್ತೆ. ನಗ್ತಾ ಕಾಫಿ ಕೊಟ್ಟೆ. ತಟ್ಟೇಲಿ ಲೋಟಗಳು ಒಂದಕ್ಕೊಂದು ಬಡೀತಿದ್ದವು.

ಜುಲೈ 11
ಗೋಡೆ ಕಟ್ಟಿಸಿದ್ದಾಯ್ತು. ಫ್ರಿಜ್ ಮೋಟರ್ ಆನ್ ಆಯ್ತು — ಆಮೇಲೆ ನೋಡಿದರೆ ನಾನು ಮೂಲೇಲಿ, ಹಾಲು ಉಕ್ಕಿ ಸೀದುಹೋಗಿದೆ. ನಡುವೆ ಏನೂ ನೆನಪಿಲ್ಲ. ಅಂಗಡೀಲಿ ಒದ್ದೆ ಗೋಣಿಚೀಲದ ವಾಸನೆ ಬಡಿದು ಬೆವತುಹೋದೆ, ಸಾಮಾನು ಅಲ್ಲೇ ಬಿಟ್ಟು ಬಂದೆ.
ಇವರು: "ಅದು ಹೋಗಿಬಿಡ್ತಲ್ಲ ಪ್ರಿಯಾ. ಇನ್ನೇನು?"
ಹೋಗಿದೆ. ನನಗೆ ಗೊತ್ತು. ಮೈಗೆ ಗೊತ್ತಿಲ್ಲ.

ಜುಲೈ 12
ನಿದ್ದೆ ಇಲ್ಲ.

ಜುಲೈ 29
ಬೋಂಡಾಗೆ ಎಣ್ಣೆ ಇಟ್ಟಿದ್ದೆ. ಹೊರಗೆ ನೀರಿನ ಲಾರಿ ಬಂತು. ನೆಲ ನಡುಗ್ತು. ಅಷ್ಟೇ — ನಿಂತುಬಿಟ್ಟೆ. ಎಣ್ಣೆ ಹೊಗೆಯಾಡಿತು, ಬಾಣಲೆ ಹೊತ್ತಿಕೊಳ್ತು. ನಿತ್ಯಾ ಓಡಿ ಬಂದಳು. "ಅಮ್ಮಾ, ಬೆಂಕಿ!" ನೋಡ್ತಿದೀನಿ. ಕೇಳಿಸ್ತಿದೆ. ಕೈ ಎತ್ತೋಕಾಗ್ತಿಲ್ಲ. ಮಗು ಗ್ಯಾಸ್ ಆಫ್ ಮಾಡೋಕೆ ಕೈ ಚಾಚ್ತು...
ಅತ್ತೆ ಬಾಗಿಲಲ್ಲಿ ಒಂದು ಕ್ಷಣ ನಿಂತು, ಒಳಗೆ ನುಗ್ಗಿ ಅವಳನ್ನ ಎಳೆದುಕೊಂಡರು. ಗ್ಯಾಸ್ ಆರಿಸಿದರು. ಬಾಣಲೆಗೆ ತಟ್ಟೆ ಮುಚ್ಚಿದರು. ಮಗುವಿನ ಮುಂಗೂದಲು ಸುಟ್ಟಿತ್ತು. ನನ್ನ ಮುಖ ನೋಡಿದರು.
ಈಗ ಆನೆ ಭಯ ಅಲ್ಲ. ನನಗೆ ನನ್ನದೇ ಭಯ.

ಆಗಸ್ಟ್ 2
ಇವರೇ ರಜಾ ಹಾಕಿ ಆಸ್ಪತ್ರೆಗೆ ಕರ್ಕೊಂಡು ಹೋದರು. ಡಾಕ್ಟರ್ ತೆನ್ಮೊಳಿ. ಚಿಕ್ಕ ವಯಸ್ಸು. ತಮಿಳಲ್ಲೇ ಕೇಳಿದೆ, "ನನಗೆ ಹುಚ್ಚಾ ಮೇಡಂ?"
"ಇಲ್ಲಮ್ಮ. ಮೆದುಳಿನ ಒಳಗೆ ಬಾದಾಮಿಯಷ್ಟು ದೊಡ್ಡ ಒಂದು ಭಾಗ ಇದೆ. ಅಪಾಯ ಅಂದ ತಕ್ಷಣ ಅದು ಅಲಾರಂ ಹೊಡೆಯುತ್ತೆ. ಯೋಚನೆ ಮಾಡೋ ಭಾಗ ಆಮೇಲೆ ಬರೋದು. ಆವತ್ತು ಅದು ನಿಮ್ಮನ್ನ ಅಲುಗಾಡದ ಹಾಗೆ ನಿಲ್ಲಿಸ್ತು. ಮುಗೀತು ಅಂತ ಅದಕ್ಕೆ ಇನ್ನೂ ಗೊತ್ತಾಗಿಲ್ಲ. ಅದೇ ವಾಸನೆ, ಅದೇ ನಡುಕ ಸಿಕ್ಕರೆ ಸಾಕು, ಮತ್ತೆ ನಿಲ್ಲಿಸುತ್ತೆ."
"ಅದಕ್ಕೆ ಹೇಳೋದು ಹೇಗೆ?"
ಪಾದ ನೆಲಕ್ಕೆ ಒತ್ತಬೇಕು. ಉಸಿರು ನಿಧಾನ ಹೊರಗೆ ಬಿಡಬೇಕು. ಎದುರಿಗಿರೋದರ ಹೆಸರು ಜೋರಾಗಿ ಹೇಳಬೇಕು. ವಾರವಾರ ಬರಬೇಕು. ಸದ್ಯಕ್ಕೆ ಒಬ್ಬಳೇ ಒಲೆ ಹಚ್ಚಬಾರದು.
ವಾಪಸ್ ಬರೋವಾಗ ಬಸ್‌ನಲ್ಲಿ ಅಳು ತಡೆಯೋಕಾಗಲಿಲ್ಲ. ಅಲ್ಲೇ ಅತ್ತುಬಿಟ್ಟೆ. ಇವರು ಕಿಟಕಿ ಕಡೆ ನೋಡ್ತಾ ನನ್ನ ಕೈ ಹಿಡ್ಕೊಂಡರು.

ಆಗಸ್ಟ್ 19
ಅತ್ತೆಯ ಹಟ — ದೇವಸ್ಥಾನದ ಆನೆ ಹತ್ತಿರ ಹೋಗೋಣ, ತಲೆ ಮುಟ್ಟಿಸಿದರೆ ಭಯ ಬಿಟ್ಟುಹೋಗುತ್ತೆ.
"ಬರಲ್ಲ ಅತ್ತೆ." ಮದುವೆಯಾದ ಮೇಲೆ ಅವರಿಗೆ ಮೊದಲ ಸಲ ಇಲ್ಲ ಅಂದಿದ್ದು.
"ಸಾಮೀನೇ ಬಂದು ಮುಟ್ಟಿದ್ರೆ ಇವಳಿಗೆ ಕಾಯಿಲೆ!" ಅಂತ ಪಾತ್ರೆ ಕುಕ್ಕಿದರು. ಮಾತು ಬಿಟ್ಟಿದಾರೆ.

ಸೆಪ್ಟೆಂಬರ್ 6, ಸಂಜೆ
ಹಿಂದಿನ ಬೀದೀಲಿ ಆನೆ. ಮೈಕಲ್ಲಿ ಕೂಗ್ತಿದಾರೆ, ಯಾರೂ ಹೊರಗೆ ಬರಬೇಡಿ ಅಂತ. ನಿತ್ಯಾ ಮುಂದಿನ ರೂಮಲ್ಲಿ ಅಪ್ಪನ ಜೊತೆ. ಅತ್ತೆ ಕಾಣಲಿಲ್ಲ. ದೇವರ ಮುಂದೆ ಇರ್ತಾರೆ ಅಂದುಕೊಂಡೆ. ಇಲ್ಲ. ಬೀರು ಹಿಂದೆ ಮುದುಡಿ ಕೂತಿದಾರೆ, ಬಾಯಲ್ಲಿ ಸೆರಗು ತುರುಕಿಕೊಂಡು. ಸೀರೆ ಒದ್ದೆ.
ಪಕ್ಕ ಕೂತೆ. ಅತ್ತೆ ಬಾಯಿಂದ ಸೆರಗು ತೆಗೆದು, ಮಗಳನ್ನ ಕರೆಯೋ ಹಾಗೆ ಕರೆದು ಹೇಳಿದರು, "ಆವತ್ತು ನಾನೂ ಬಾಗ್ಲಲ್ಲಿ ನಿಂತು ನೋಡ್ದೆ ಅಮ್ಮಿಣಿ. ನಿನ್ನ ಮುಖದ ಹತ್ರ ಅದು... ಸಾಮಿ ಸಾಮಿ ಅಂತ ಎಲ್ಲಾರ್ಗೂ ಹೇಳ್ತಾ ಇದ್ರೆ ಭಯ ಹೋಗ್ಬುಡ್ತದೆ ಅಂದ್ಕೊಂಡೆ."
"ಹೋಯ್ತಾ ಅತ್ತೆ?"
ತಲೆ ಅಲ್ಲಾಡಿಸಿದರು. ಇಲ್ಲ.
ಡಾಕ್ಟರ್ ಹೇಳಿದ್ದನ್ನ ಹೇಳಿಕೊಟ್ಟೆ. ಪಾದ ಒತ್ತಿ. ಉಸಿರು ಬಿಡಿ. ಏನು ಕಾಣುತ್ತೆ, ಹೇಳಿ. "ಬೀರು... ಚಾಪೆ... ನೀನು," ಅಂದರು. ನಾನೂ ಹೇಳಿದೆ. ನನ್ನ ದನಿ ಬಂತು. ಗಟ್ಟಿಯಾಗಿಯೇ ಬಂತು.
ಈಗ ನನ್ನ ಎಡಗೈ ಅವರ ಕೈಲಿ. ಬಿಡ್ತಿಲ್ಲ. ಏನು ಬರೀತೀಯ ಅಂತ ಕೇಳಿದರು. ನಿಮ್ಮ ಹೆಸರು, ಸಾಮಿಯಾತಾಳ್ ಅಂತ, ಅಂದೆ. ಬೆರಳಿಟ್ಟು ಮುಟ್ಟಿ ನೋಡಿದರು.
ಬೊಗಳ್ತಿದ್ದ ನಾಯಿಗಳು ಇದ್ದಕ್ಕಿದ್ದ ಹಾಗೆ ಸುಮ್ಮನಾದವು. ಅದು ಹತ್ತಿರ ಬಂತೇನೋ. ಅತ್ತೆ ಮತ್ತೆ ಹೇಳೋಕೆ ಶುರು ಮಾಡಿದಾರೆ, ಜೋರಾಗಿ — ಬೀರು, ಚಾಪೆ, ನೀ—