ಏಳನೆಯ ಚೌಕದ ಮಣ್ಣು

ಮಂಗಳವಾರ, ಮಧ್ಯಾಹ್ನ

ನನ್ನ ಪ್ರೀತಿಯ ಮಣ್ಣುಹುಳುವೇ,

ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಬರೆಯುತ್ತಾಳಲ್ಲ, ಅಮ್ಮನಿಗೆ ಅರಳುಮರಳು ಶುರುವಾಯಿತೇ ಎಂದು ನಗಬೇಡ. ಎದುರಿಗೆ ಕೂತು ಹೇಳೋಣವೆಂದು ಎರಡು ದಿನದಿಂದ ಬಾಯಿ ತೆರೆಯುತ್ತಿದ್ದೇನೆ. ಅಷ್ಟರಲ್ಲಿ ನೀನು ಏಳನೆಯ ಚೌಕದ ಸುದ್ದಿ ಶುರು ಮಾಡುತ್ತೀಯ, ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ನೀನು ಪ್ರಯೋಗಾಲಯಕ್ಕೆ ಹೋದ ಹೊತ್ತು ನೋಡಿ ಇದನ್ನು ಬರೆದು ನಿನ್ನ ಮೇಜಿನ ಮೇಲಿಡುತ್ತಿದ್ದೇನೆ. ಶುಕ್ರವಾರ ಲೇಖನ ಕಳಿಸುವ ಮೊದಲು ಓದು.

ಮೊದಲು ಹೊಗಳಿಬಿಡುತ್ತೇನೆ. ಆಮೇಲೆ ನಿನಗೆ ಕೇಳುವ ಮನಸ್ಸಿರುವುದಿಲ್ಲ. ಆಪರೇಷನ್ ಥಿಯೇಟರಿನ ನರ್ಸಾಗಿ ಮೂವತ್ತನಾಲ್ಕು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ಕ್ರಿಮಿಗಳನ್ನು ಕೊಲ್ಲುವುದು. ಕುದಿಸಿ, ಉಜ್ಜಿ, ಸ್ಪಿರಿಟ್ ಸುರಿದು ಅವುಗಳ ವಂಶವನ್ನೇ ನಿರ್ವಂಶ ಮಾಡಿದವಳ ಹೊಟ್ಟೆಯಲ್ಲಿ ಹುಟ್ಟಿ, ನೀನು ಅವುಗಳ ಪರ ವಕಾಲತ್ತು ಹಿಡಿದೆ! ನಾಲ್ಕು ವರ್ಷದ ಹಿಂದೆ ಗುಡ್ಡಕ್ಕೆ ಬೆಂಕಿ ಬಿದ್ದಾಗ ಎಲ್ಲರೂ ಸುಟ್ಟ ಮರಗಳನ್ನು ನೋಡಿ ಅಯ್ಯೋ ಅಂದರು. ನೀನೊಬ್ಬಳು ಮಂಡಿಯೂರಿ ಬೂದಿ ಸರಿಸಿ, ಬೆರಳುದ್ದ ಕೆಳಗೆ ಯಾರು ಬದುಕಿದ್ದಾರೆ ಎಂದು ಹುಡುಕಿದೆ. ಹಗ್ಗ ಕಟ್ಟಿ ಎಂಟು ಚೌಕ ಮಾಡಿ, ತಿಂಗಳು ತಿಂಗಳೂ ಅಲ್ಲಿಯ ಒಂದೊಂದು ಚಮಚ ಮಣ್ಣು ತಂದು ಅದರೊಳಗಿನ ಜೀವಿಗಳ ಜನಗಣತಿ ಮಾಡಿದೆ. ನಿನ್ನಷ್ಟು ತಾಳ್ಮೆ ನನಗೆ ಎಂದೂ ಇರಲಿಲ್ಲ.

ಒಂದೂವರೆ ವರ್ಷದ ಹಿಂದೆ ನೀನು ಕಾಲು ಮುರಿದುಕೊಂಡು ಮೂರು ತಿಂಗಳು ಮಲಗಿದಾಗ ಐಸ್ ಪೆಟ್ಟಿಗೆ ಹೊತ್ತು ಗುಡ್ಡ ಹತ್ತಿದವಳು ನಾನು. ಹೊರಡುವ ಮೊದಲು ನನ್ನಿಂದ ಪಾಠ ಒಪ್ಪಿಸಿಕೊಂಡೆಯಲ್ಲ! ಸುಟ್ಟ ಚೌಕಗಳು ಮೊದಲು, ಹೋಲಿಸಿ ನೋಡಲು ಮಣ್ಣು ತರುವ ಹಳ್ಳದಾಚೆಯ ಸುಡದ ಕಾಡು ಕೊನೆಗೆ. ಅಲ್ಲಿಯ ಜೀವ ಇಲ್ಲಿಗೆ ಅಂಟಿಕೊಂಡು ಬರಬಾರದು. ಚೌಕಕ್ಕೊಂದು ಹೊಸ ಗ್ಲೌಸು, ಪ್ರತಿ ಸಲ ಚಮಚಕ್ಕೆ ಸ್ಪಿರಿಟ್. ನನಗೇ ಶುಚಿತ್ವದ ಪಾಠವೇ ಎಂದು ಗೊಣಗಿದೆ, ಒಳಗೊಳಗೇ ಬೀಗಿದೆ.

ಮಂಚದ ಮೇಲಿಂದಲೇ ನೀನು ಎಷ್ಟು ಕಲಿಸಿದೆ! ಬೆಂಕಿ ಆರಿದ ಮೇಲೆ ಮೊದಲು ಏಳುವುದು ಗಟ್ಟಿ ಕವಚದೊಳಗೆ ಕಾವು ತಡೆದು ಮಲಗಿದ್ದ ಜೀವಿಗಳು. ಬೂದಿ, ಇದ್ದಿಲು ತಿಂದು ದಿಢೀರನೆ ಹೆಚ್ಚುತ್ತವೆ. ಬೇರಿನ ಜೊತೆ ಕೈ ಜೋಡಿಸುವ ಶಿಲೀಂಧ್ರದ ಎಳೆಗಳು ಬರುವುದು ಎಷ್ಟೋ ಕಾಲದ ಮೇಲೆ. ಮೊದಲು ಬಂದವರು ಯಾರು ಎಂಬುದರ ಮೇಲೆ ಆಮೇಲಿನವರ ಹಣೆಬರಹ. ಖಾಲಿ ವಾರ್ಡಿನಲ್ಲಿ ಮೊದಲು ಬಂದ ರೋಗಿ ಕಿಟಕಿ ಪಕ್ಕದ ಮಂಚ ಹಿಡಿದಂತೆ, ಅಂದೆ ನಾನು. ಆ ಮಾತನ್ನು ನಿನ್ನ ಮೇಷ್ಟ್ರಿಗೂ ಹೇಳಿದೆಯಂತೆ. ಅವತ್ತು ನಾನು ನೆಲದ ಮೇಲೆ ನಡೆಯಲಿಲ್ಲ ಬಿಡು.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವಾರ ನೀನು ಇನ್ನೂ ಕುಂಟುವ ಕಾಲಿನಲ್ಲೇ ಓಡಿ ಬಂದು, "ಅಮ್ಮಾ, ಏಳನೇದು ಎದ್ದು ಕೂತಿದೆ ಕಣಮ್ಮಾ! ಉಳಿದ ಏಳರಲ್ಲೂ ಇಲ್ಲದ ಎಳೆಗಳು ಅದರಲ್ಲಿವೆ" ಎಂದು ನನ್ನನ್ನು ತಬ್ಬಿಕೊಂಡೆ. ಸುಟ್ಟ ಮಣ್ಣು ಹೊರಗಿನ ನೆರವಿಲ್ಲದೆ ತಾನಾಗಿಯೇ ಇಷ್ಟು ಬೇಗ ಚೇತರಿಸಿಕೊಂಡಿತು ಎಂದು ಲೇಖನದಲ್ಲಿ ಬರೆದದ್ದನ್ನು ನನಗೆ ಓದಿಯೂ ಹೇಳಿದೆ. ಮೊದಲ ಸಲ ನನ್ನ ಹೆಸರು ಎಲ್ಲರಿಗಿಂತ ಮೇಲೆ ಬರುತ್ತದೆ ಎಂದೆ ನೀನು.

ಅದು ತಾನಾಗಿ ಚೇತರಿಸಿಕೊಂಡದ್ದಲ್ಲ, ಮಗಳೇ. ಒಂದು ದಿನ ನಾನು ಹಳ್ಳ ದಾಟಿ ಸುಡದ ಕಾಡಿಗೇ ಮೊದಲು ಹೋದೆ. ಅಲ್ಲಿಂದ ಬಂದು ಅದೇ ಚಮಚವನ್ನು ಏಳನೆಯ ಚೌಕದಲ್ಲಿ ಊರಿದೆ. ಸ್ಪಿರಿಟ್ ಹಚ್ಚುವುದು ಮರೆತುಹೋಯಿತು. ಥಿಯೇಟರಿನಲ್ಲಿ ಒಂದು ಕತ್ತರಿಯನ್ನೂ ತಪ್ಪಾಗಿ ಕೊಟ್ಟವಳಲ್ಲ ನಾನು, ಮುದಿತನದ ಮರೆವು ಅಂದುಕೋ. ನಿನ್ನ ಲೇಖನ ನಂಬಿ ನಾಳೆ ಯಾರೋ ಇನ್ನೊಂದು ಸುಟ್ಟ ಗುಡ್ಡವನ್ನು, ತಾನೇ ಸರಿಹೋಗುತ್ತದೆ ಬಿಡು ಎಂದು ಕೈಬಿಟ್ಟರೆ? ಆ ಪಾಪ ನಿನ್ನ ಹೆಸರಿಗೆ ಅಂಟಬಾರದು. ಬೈಯಬೇಕೆನಿಸಿದರೆ ಬೈ, ಊಟ ಮಾಡಿ ಬೈ.

ಇಂತಿ, ನಿನ್ನನ್ನು ಹೆತ್ತವಳು, ನಿನ್ನ ಕೈಕೆಳಗೆ ಮೂರು ತಿಂಗಳು ದುಡಿದವಳು,
ಅಮ್ಮ

ಮರೆತ ಮಾತು: ಮೇಲಿನದನ್ನು ಮಡಿಚಿಟ್ಟು ಮತ್ತೆ ಬಿಚ್ಚಿದೆ. ಚಮಚದ ಕಥೆ ಸುಳ್ಳು. ಒಂದು ಚಮಚಕ್ಕೆ ಅಂಟಿದ ಮಣ್ಣು ಅಷ್ಟು ಮಾಡಲಾರದು, ನೀನು ಹೇಗಿದ್ದರೂ ಕಂಡುಹಿಡಿಯುತ್ತೀಯ. ಬರೆದುಕೋ: ಎರಡು ಬೊಗಸೆ ಮಣ್ಣು, ಹಳ್ಳದಾಚೆಯ ದೊಡ್ಡ ಮರದ ಬುಡದ್ದು, ಏಳನೆಯ ಚೌಕದ ಎಡ ಮೂಲೆ. ಎಂಟಕ್ಕೂ ಹಾಕಬೇಕೆಂದೇ ಹೋದವಳು, ಒಂದಕ್ಕೆ ಹಾಕಿ, ಪೆಟ್ಟಿಗೆ ಎತ್ತಿಕೊಂಡು ಗುಡ್ಡ ಇಳಿದುಬಿಟ್ಟೆ. ಎರಡೂವರೆ ವರ್ಷವಾದರೂ ಒಂದು ಎಳೆಯೂ ಚಿಗುರಲಿಲ್ಲ, ಈ ಕೆಲಸ ಬಿಟ್ಟುಬಿಡು ಎಂದು ನಿನ್ನ ಮೇಷ್ಟ್ರು ಫೋನಿನಲ್ಲಿ ಅಂದರಲ್ಲ, ಅದರ ಮಾರನೆಯ ದಿನ. ನೀನು ದಿಂಬಿಗೆ ಮುಖ ಒತ್ತಿಕೊಂಡು ಅತ್ತದ್ದು ಗೋಡೆಯಾಚೆ ನನಗೆ ಕೇಳಿಸಿತ್ತು.